ಏಳ್ನೂರಿಪ್ಪತ್ತರಲ್ಲಿ ಹೊರಟ ಬಸ್ಸು

ನನಗೊಂದು ಚಟ ಹತ್ತಿದೆ, ಹೇಳಿದರೆ ನಗಬೇಡಿ. ಮೂವತ್ತು ವರ್ಷ ಮಳವಳ್ಳಿ, ಮದ್ದೂರು, ಮಂಡ್ಯ ಅಂತ ನಿಜವಾದ ಬಸ್ಸು ಓಡಿಸಿ ನಿವೃತ್ತನಾದವನು, ಈಗ ಕಂಪ್ಯೂಟರ್ ಗೇಮಿನೊಳಗೆ ಸುಳ್ಳು ಬಸ್ಸು ಓಡಿಸುತ್ತೇನೆ. ಅದೂ ಲೈವ್! ದಿನಾ ಸಂಜೆ ನಾಲ್ಕಕ್ಕೆ ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ನೋಡುವವರು ಹನ್ನೊಂದು ಜನ. ಅವರಲ್ಲಿ ನನಗೆ ಬೇಕಾದವನು ಒಬ್ಬನೇ, ನನ್ನ ಹಳೇ ಕಂಡಕ್ಟರ್ ಬೋರ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ತನ್ನೂರು ಪೂರಿಗಾಲಿಯಲ್ಲಿ ಹಾಸಿಗೆ ಹಿಡಿದಿದ್ದಾನೆ. ನೋಡಲು ಹೋದಾಗ, "ಇನ್ನೊಂದ್ ಟ್ರಿಪ್ಪು ಜೊತೇಲಿ ಓಗ್ಬರಬೇಕಿತ್ತು ಕಣ್ಲಾ" ಅಂದ. ಅವನಿಗೋಸ್ಕರವೇ ಈ ಲೈವು ಶುರುವಾದದ್ದು.

ಶುರುವಾದದ್ದೇನೋ ಸರಿ, ನನ್ನ ಜಂಬ ಬಿಡಬೇಕಲ್ಲ! ಸೆಟ್ಟಿಂಗ್ಸ್ ತೆರೆದರೆ 480, 720, 1080 ಅಂತ ಪಟ್ಟಿ. ಅಂಕಿ ದೊಡ್ಡದಾದಷ್ಟೂ ಚಿತ್ರ ಚೊಕ್ಕ. ಸೆಕೆಂಡಿಗೆ ಮೂವತ್ತು ಫ್ರೇಮೋ, ಅಂದರೆ ಬಿಡಿ ಚಿತ್ರವೋ, ಅರವತ್ತೋ ಅಂತ ಬೇರೆ ಕೇಳುತ್ತದೆ. ಮನೆಗೆ ಬಂದವರಿಗೆ ಸಾಕು ಸಾಕು ಅಂದರೂ ಇನ್ನೊಂದು ಮುದ್ದೆ ಇಕ್ಕುವ ಸೀಮೆಯವರು ನಾವು. ಬೋರನಿಗೆ ಕಮ್ಮಿ ಬಡಿಸುವುದುಂಟೇ? ಎಲ್ಲವನ್ನೂ ತುದಿಗೇರಿಸಿ, ಟೈರಿನ ಧೂಳೂ ಕಾಣಬೇಕು ಅಂತ ಹೊರಟೆ.

ಅವನ ಫೋನಿನಲ್ಲಿ ಬಸ್ಸು ತಿರುವಿನಲ್ಲಿ ಅರ್ಧ ತಿರುಗಿ ನಿಂತೇಬಿಟ್ಟಿತು. ಒಂದು ದಿನವಲ್ಲ, ಮೂರು ದಿನ. ಕೊನೆಗೆ ಅವನದೇ ಫೋನು ಬಂತು.

"ಏನ್ಲಾ, ಬಸ್ಸು ಓಡುಸ್ತಿದ್ದೀಯೋ, ಪೋಟ ತೋರುಸ್ತಿದ್ದೀಯೋ? ನಾನೇ ಎದ್ದೇಳಕ್ಕಾಗ್ದೆ ಬಿದ್ದಿವ್ನಿ, ನೀನೂ ನಿಂತ್ಕಂಡ್ರೆ ಎಂಗ್ಲಾ? ನಾಳಿಂದ ನೋಡಕಿಲ್ಲ ಬುಡು."

ಅವನು ಫೋನಿಟ್ಟ ಕೂಡಲೇ ಮಗಳಿಗೆ ಫೋನು ಮಾಡಿದೆ.

ಮಂಡ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಮಗಳು ಬಂದು ಎಲ್ಲ ಪರೀಕ್ಷೆ ಮಾಡಿದಳು. "ಅಪ್ಪಾ, ನಮ್ಮನೆ ಇಂಟರ್ನೆಟ್ಟು ಹೊರಗೆ ಕಳಿಸೋದೇ ಇಷ್ಟು. ಅಷ್ಟನ್ನೂ ತುಂಬಬಾರದು, ಸ್ವಲ್ಪ ಖಾಲಿ ಬಿಡಬೇಕು." ಅಯ್ಯೋ ಶಿವನೇ! ಹನಕೆರೆ ಸ್ಟಾಪಿನಲ್ಲಿ ಫುಟ್‌ಬೋರ್ಡಿನ ತನಕ ಜನ ತುಂಬುತ್ತಿದ್ದ ಬೋರನಿಗೆ ಮೂವತ್ತು ವರ್ಷ ನಾನು ಬೈದದ್ದು ಇದನ್ನೇ. ಈಗ ತುಂಬಿದವನು ನಾನು, ಬೈದವನು ಬೋರ. ಮಗಳು 720ಕ್ಕೆ ಇಳಿಸಿದಳು, ಮೂವತ್ತು ಫ್ರೇಮಿಗೆ ಕಟ್ಟಿದಳು, ವೈಫೈ ಬಿಡಿಸಿ ಕೇಬಲ್ ಸಿಕ್ಕಿಸಿದಳು. ಬಸ್ಸು ಕೊಂಚ ಮಬ್ಬಾಯಿತು. ಟೈರಿನ ಧೂಳೂ ಹೋಯಿತು ಅಂತ ಗೊಣಗಿಕೊಂಡೆ.

ಮಾರನೇ ದಿನ ನಾಲ್ಕಕ್ಕೆ ಹತ್ತೇ ಜನ. ಬೋರನಿಲ್ಲ. ಮೊದಲ ಸ್ಟಾಪಿನಲ್ಲಿ ಗೇಮಿನ ಪ್ರಯಾಣಿಕರು ಹತ್ತಿ ಕೂತರು. ಗೇಮಿಗೆಂದೇ ಮೇಜಿನಡಿ ಇಟ್ಟುಕೊಂಡ ಕ್ಲಚ್ಚಿನ ಮೇಲಿಂದ ನನ್ನ ಕಾಲು ಏಳಲಿಲ್ಲ. ಬೋರ "ರೈಟ್" ಅನ್ನದೆ ಎಂದಾದರೂ ಬಸ್ಸು ಎತ್ತಿದ್ದೇನೆಯೇ? ಹಿಂದಿನ ಕಾರುಗಳು ಹಾರನ್ ಹೊಡೆದವು. ನೋಡುವವರು "ಅಣ್ಣೋ, ನಿದ್ದೆ ಬಂತಾ?" ಅಂತ ಬರೆದರು. ತಡವಾಯಿತೆಂದು ಗೇಮು ಅಂಕ ಕಳೆಯತೊಡಗಿತು. ಕಳೆಯಲಿ. ನೋಡುವವರ ಲೆಕ್ಕ ತೋರಿಸುವ ಪರದೆಯ ಮೂಲೆಯನ್ನೇ ನಾನು ನೋಡುತ್ತಾ ಕೂತೆ.

ಹತ್ತು ಹೋಗಿ ಹನ್ನೊಂದಾಯಿತು. ಆಮೇಲೆ ಬೋರನ ಹೆಸರಿನ ಮುಂದೆ ಅಕ್ಷರ ಮೂಡಿತು:

"ಇಂದ್ಗಡೆ ಡೋರು ಆಕಿಲ್ಲ ಕಣ್ಲಾ, ನೋಡ್ಕಳಲ್ವಾ? ಊಂ, ಈಗ ರೈಟ್."

ನನಗೆ ಅಳುವೇ ಬಂತು. ಬಾಗಿಲು ಹಾಕಿದೆ, ಕ್ಲಚ್ಚು ಬಿಟ್ಟೆ. ಈಗ ನಮ್ಮ ಬಸ್ಸು ಮಬ್ಬಾಗಿಯೇ ಓಡುತ್ತದೆ, ಎಲ್ಲೂ ಕೆಟ್ಟು ನಿಲ್ಲುವುದಿಲ್ಲ. ನಿಂತರೆ ಬೋರ ರೈಟ್ ಅನ್ನುವ ತನಕ, ಅಷ್ಟೇ.