ಎರಡು ಬಡಿತ ಕೂಡುವ ಕ್ಷಣ ಬಲ್ಲ ನರ್ಸಬಾಯಿ

ಬೆಳಗಿನ ಆರು ಗಂಟೆ. ಔರಾದ ತಾಲ್ಲೂಕಿನ ಡಾಬಕಾದ ಒಂದು ಮನೆಯಲ್ಲಿ ಮಹಾಮಾಯಾ ನೆಲಕ್ಕೆ ಮಂಡಿಯೂರಿ ಕೂತಿದ್ದಾರೆ. ಚಾಪೆಯ ಮೇಲೆ ಏಳು ತಿಂಗಳ ಬಸುರಿ ಪೂನಮ. ಕಹಳೆಯಂಥ ಪುಟ್ಟ ಕೊಳವೆಯ ಅಗಲ ಬಾಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಾರೆ. ಒಂದು ಕೈ ಪೂನಮಳ ನಾಡಿಯ ಮೇಲೆ, ಕಣ್ಣು ಗಡಿಯಾರದ ಮುಳ್ಳಿನ ಮೇಲೆ.

"ತಾಯಿದು ಎಂಬತ್ತು, ಕೂಸಿಂದು ನೂರಾ ನಲವತ್ತು. ಛಲೋ ಅದ," ಎನ್ನುತ್ತಾರೆ. ನಾನೂ ಕಿವಿಯಿಟ್ಟು ನೋಡುತ್ತೇನೆ. ಮೊದಲು ಬರೀ ಗಾಳಿಯ ಸದ್ದು. ಆಮೇಲೆ, ಬಲು ದೂರದಲ್ಲಿ ಯಾರೋ ಓಡುತ್ತಿರುವ ಹಾಗೆ, ಆ ಬಡಿತ.

ಐವತ್ಮೂರರ ಮಹಾಮಾಯಾ ಸರ್ಕಾರಿ ನರ್ಸ್. ಇಪ್ಪತ್ತಾರು ವರ್ಷದ ಚಾಕರಿ. ವಾಸ ಠಾಣಾ ಕುಶನೂರಿನಲ್ಲಿ. ಸ್ಕೂಟರಿನಲ್ಲಿ ನಾಲ್ಕು ಹಳ್ಳಿ ಸುತ್ತುತ್ತಾರೆ. ಸದ್ಯ ಅವರ ಪಟ್ಟಿಯಲ್ಲಿ ಮೂವತ್ತೊಂದು ಬಸುರಿಯರಿದ್ದಾರೆ. ಬಡಿತ ಎಣಿಸುವ ಯಂತ್ರವೂ ಚೀಲದಲ್ಲಿದೆ. ಆದರೂ ಮೊದಲು ಕೊಳವೆ, ಆಮೇಲೆ ಯಂತ್ರ.

ಕಿವಿಗೆ ಈ ಅಭ್ಯಾಸ ಬಿದ್ದದ್ದು ಭಾಲ್ಕಿಯಲ್ಲಿ. ಅವರ ತಂದೆ ನರಸಿಂಗ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. "ಎರಡ್ ಇಂಜನ್ ಇದ್ವುರಿ. ಒಂದ್ ಜಲ್ದಿ, ಒಂದ್ ಸ್ವಲ್ಪ ಸಾವಕಾಶ. ಬ್ಯಾರೆ ಬ್ಯಾರೆ ಹೊಡಕೋತ ಹೋಗಿ ಒಂದ್ ಕಡಿ ಕೂಡೇ ಹೊಡೀತಿದ್ವು. ಮತ್ತ ಅಗಲ್ತಿದ್ವು. ಯಾವಾಗ ಕೂಡ್ತಾವ ಅಂತ ನಾ ಎಣಸ್ಕೋತ ಕೂಡ್ತಿದ್ದೆ."

ಎರಡು ವರ್ಷದ ಹಿಂದೆ ಆ ಎಣಿಕೆ ಮೂರು ಜೀವ ಉಳಿಸಿತು. ಡಾಬಕಾದ ಫರಹತ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಂಡ ಆಸಿಫನೊಂದಿಗೆ ಮಹಾರಾಷ್ಟ್ರಕ್ಕೆ ಹೋಗಿದ್ದಳು. ಅಲ್ಲಿ ಇಲ್ಲಿ ಅಲೆದಾಟದಲ್ಲಿ ಒಮ್ಮೆಯೂ ಸ್ಕ್ಯಾನ್ ಆಗಿರಲಿಲ್ಲ. ಊರಿಗೆ ಬಂದದ್ದು ಎಂಟು ತಿಂಗಳು ತುಂಬಿದ ಮೇಲೆ. ಮೂರನೆಯ ದಿನ ನಸುಕಿನಲ್ಲೇ ನೋವು ಶುರುವಾಗಿ, ಮಹಾಮಾಯಾರಿಗೆ ಕರೆ ಹೋಯಿತು. ಯಂತ್ರ ಇಟ್ಟರೆ ಅಂಕಿ ನಿಲ್ಲಲೇ ಇಲ್ಲ, ಏರಿತು, ಇಳಿಯಿತು. ಮಹಾಮಾಯಾ ಅದನ್ನು ಬದಿಗಿಟ್ಟು ಕೊಳವೆ ಹಚ್ಚಿದರು. ಹೊಕ್ಕುಳದ ಬಲಕ್ಕೆ ನಿಮಿಷಕ್ಕೆ ನೂರಾ ನಲವತ್ನಾಲ್ಕು. ಎಡಕ್ಕೆ, ಸ್ವಲ್ಪ ಕೆಳಗೆ, ನೂರಾ ಮೂವತ್ತೆರಡು.

ನಡುವೆ ಇಟ್ಟಾಗ ಎರಡೂ ಬೆರೆತು ಕೇಳಿದವು. ಗಜಿಬಿಜಿ ಸದ್ದು ನಿಧಾನಕ್ಕೆ ಒಂದಾಗಿ, ಒಮ್ಮೆ ಗಟ್ಟಿಯಾಗಿ ಬಡಿದು, ಮತ್ತೆ ಚದುರುತ್ತಿತ್ತು. ಮಹಾಮಾಯಾ ಗಡಿಯಾರ ನೋಡಿದರು: ಸರಿಯಾಗಿ ಐದು ಸೆಕೆಂಡಿಗೊಮ್ಮೆ.

"ಐದ್ ಸೆಕೆಂಡಿನಾಗ ಒಂದ್ ಕೂಸಿಂದು ಹನ್ನೆರಡ್ ಸಲ ಹೊಡೀತದ, ಇನ್ನೊಂದರದು ಹನ್ನೊಂದು. ಅಲ್ಲಿಗೆ ಇಬ್ಬರೂ ಕೂಡ್ತಾರ. ಮತ್ತ ಒಂದರಿಂದ ಚಾಲೂ. ಒಂದೇ ಜೀವ ಇದ್ರ ಹಾಂಗ ಕೇಳಂಗಿಲ್ಲರಿ. ಕೂಸು ಹೊರಳಿದ್ರ ಲೆಕ್ಕ ತಪ್ಪತದ, ಖರೆ. ಮತ್ತ ಕೇಳ್ದೆ. ಮೂರ್ ಸಲಾನೂ ಹಾಂಗೇ ಬಂತು."

ಆಸ್ಪತ್ರೆಗೆ ಕರೆದೊಯ್ಯಲು ಫರಹತಳ ಅತ್ತೆ ಹಾಜಿರಾಬೀ ಒಪ್ಪಲಿಲ್ಲ. "ನನ್ ಆರೂ ಹೆರಿಗಿ ಮನ್ಯಾಗೇ ಆಗ್ಯಾವ. ಮಷೀನೇ ತಿಳೀದಂತದ, ನಿಮಗ ಹ್ಯಾಂಗ ತಿಳೀತರಿ ಬಾಯಿ?"

ಮಹಾಮಾಯಾ ಆಕೆಯ ಕಿವಿಗೇ ಕೊಳವೆ ಹಚ್ಚಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಇಟ್ಟು, ಎರಡು ಕಡೆಯೂ ತಾವು ಎಣಿಸಿದ್ದ ಬಡಿತದ ವೇಗಕ್ಕೆ ಸರಿಯಾಗಿ ಆಕೆಯ ಅಂಗೈ ತಟ್ಟಿದರು. ಎರಡನೆಯ ಸಲ ತಟ್ಟುವಾಗ ಹಾಜಿರಾಬೀ ಕೈ ಹಿಂದಕ್ಕೆ ಎಳೆದುಕೊಂಡರು. "ಯಾ ಅಲ್ಲಾ, ಇಬ್ಬರು!" ಎಂದವರೇ ಆಸಿಫನನ್ನು ಕೂಗಿದರು.

ಬೀದರಿನ ದೊಡ್ಡಾಸ್ಪತ್ರೆ ಸೇರುವವರೆಗೂ ಆಂಬುಲೆನ್ಸಿನಲ್ಲಿ ಮಹಾಮಾಯಾ ಫರಹತಳ ಪಕ್ಕದಲ್ಲೇ ಇದ್ದರು. ಸ್ಕ್ಯಾನಿನಲ್ಲಿ ಎರಡು ಕೂಸು ಕಂಡವು. ಒಂದು ಅಡ್ಡ ಮಲಗಿತ್ತು. ತಕ್ಷಣ ಆಪರೇಷನ್ ಆಯಿತು. ಮನೆಯಲ್ಲೇ ಬಿಟ್ಟಿದ್ದರೆ ಮೂವರೂ ಉಳಿಯುವುದು ಕಷ್ಟವಿತ್ತು ಎಂದು ವೈದ್ಯರು ಆಸಿಫನಿಗೆ ಹೇಳಿದರಂತೆ.

ಆ ಇಬ್ಬರು ಹೆಣ್ಣುಮಕ್ಕಳು ಈಗ ಡಾಬಕಾದ ಓಣಿಯಲ್ಲಿ ಮಹಾಮಾಯಾರ ಸ್ಕೂಟರಿಗೆ ಅಡ್ಡ ಬರುತ್ತಾರೆ. ಅವರನ್ನು ಎತ್ತಿಕೊಂಡಾಗೆಲ್ಲ ಕಿವಿ ತಾನಾಗಿ ಎದೆಗೆ ಹೋಗುತ್ತದೆಂದು ಆಕೆ ನಗುತ್ತಾರೆ.

ನಿವೃತ್ತಿಗೆ ಇನ್ನು ಏಳು ವರ್ಷ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ನಮ್ಮ ಹೆಲ್ತ್ ಸೆಂಟರಿಗಿ ಬಾಗಲಾ ಗಟ್ಟಿ ಮುಚ್ಚೂ ಒಂದ್ ಖೋಲಿ ಸಿಕ್ರ ಸಾಕ್ರಿ. ಕೂಸುಗೋಳು ಭಾಳ ಸಣ್ಣಗ ಮಾತಾಡ್ತಾವ."