ಫೇಟಾ ಕಟ್ಟುವ ಕೈ

ರಾಮಲಿಂಗಪ್ಪನ ಬಲಗೈ ಮೊದಲ ಸಲ ಅವನ ಮಾತು ಕೇಳದೆ ಹೋದದ್ದು ಪುಣೆ ಬಳಿಯ ಭೋರ್ ಊರಿನ ಒಂದು ಮದುವೆ ಮಂಟಪದಲ್ಲಿ, ವರನ ತಲೆಗೆ ಫೇಟಾದ ಮೂರನೆಯ ಸುತ್ತು ಹಾಕುವಾಗ. ಕೇಸರಿ ಬಟ್ಟೆ ಬೆರಳುಗಳಿಂದ ಜಾರಿ ಹುಡುಗನ ಮುಖದ ಮೇಲೆ ಇಳಿಯಿತು. ವರನ ಸೋದರಮಾವ ಮರಾಠಿಯಲ್ಲಿ ಏನೋ ಚೇಷ್ಟೆ ಮಾಡಿದ, ಜನ ನಕ್ಕರು. ರಾಮಲಿಂಗಪ್ಪನೂ ನಕ್ಕ. ಹತ್ತು ನಿಮಿಷಕ್ಕೆ ಕೈ ಸರಿಯಾಯಿತು. ಆಮೇಲೆ ಅರವತ್ತು ತಲೆಗಳಿಗೆ ಕಟ್ಟಿ ಮುಗಿಸಿ ಬಸ್ಸು ಹತ್ತಿದ.

ಮನೆಯಲ್ಲಿ ಹೇಳಲಿಲ್ಲ. ಮದುಮಗನ ಫೇಟಾ ಇವನ ಕೈಯಿಂದ ಜಾರಿತು ಎಂಬ ಮಾತು ಹಬ್ಬಿದರೆ ಅಪಶಕುನವೆಂದು ಮುಂದೆ ಯಾರೂ ಕರೆಯುವುದಿಲ್ಲ.

ಹತ್ತೊಂಬತ್ತರ ಹರೆಯದಲ್ಲಿ ವಿಜಯಪುರದ ಕಡೆಯ ಇಂಡಿಯಿಂದ ಪುಣೆಗೆ ಬಂದವನು ಅವನು. ಸದಾಶಿವ ಪೇಠದ ಸೀರೆ ಅಂಗಡಿಯೊಂದರಲ್ಲಿ ಬಟ್ಟೆಯ ಗಂಟು ಬಿಚ್ಚುವ ಕೆಲಸ. ಅಲ್ಲಿಗೆ ಬರುತ್ತಿದ್ದ ಮುದುಕನೊಬ್ಬನ ಕೈಯನ್ನೇ ನೋಡುತ್ತ ಫೇಟಾ ಕಲಿತ. ನಲವತ್ತು ವರ್ಷಗಳಲ್ಲಿ ಎಷ್ಟು ಪಳಗಿದ್ದನೆಂದರೆ, ತಲೆ ಮುಟ್ಟಿದ ಕೂಡಲೇ ಎಷ್ಟು ಬಿಗಿ ಬೇಕೆಂಬುದು ತಿಳಿಯುತ್ತಿತ್ತು. ಅವನು ಕಟ್ಟಿದ್ದು ಎಷ್ಟು ಕುಣಿದರೂ ಬಿಚ್ಚುತ್ತಿರಲಿಲ್ಲ. ಕಟ್ಟಿಸಿಕೊಂಡವರ ತಲೆಯೂ ನೋಯುತ್ತಿರಲಿಲ್ಲ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಅದೇ ಕೈಯಿಂದ ಚಹಾದ ಕಪ್ಪು ಬಿತ್ತು. ಈ ಸಲ ನಾಲಿಗೆಯೂ ತೊದಲಿತು. ಹೆಂಡತಿ ಗೌರಾಬಾಯಿ ಎದುರಿಗೇ ಇದ್ದಳು. ಮಾತು ಮರಳಿದ ಮೇಲೆ ಅವನು ಭೋರಿನ ಸಂಗತಿಯನ್ನೂ ಬಾಯಿಬಿಟ್ಟ.

“ಮಂದಿ ತಲಿಗೆ ಕಟ್ರಿ, ನನ್ನ ಕಣ್ಣಿಗೆ ಕಟ್ಟಬ್ಯಾಡ್ರಿ,” ಎಂದಳು ಅವಳು. ಅಂಗಿ ಬದಲಾಯಿಸಲೂ ಬಿಡದೆ ರಿಕ್ಷಾ ಹತ್ತಿಸಿದಳು.

ಆಸ್ಪತ್ರೆಯಲ್ಲಿದ್ದದ್ದು ಡಾಕ್ಟರ್ ಶಾಲಿನಿ, ಮೈಸೂರಿನವಳು. ಅರೆಬರೆ ಮರಾಠಿಯಲ್ಲಿ ಒದ್ದಾಡುತ್ತಿದ್ದವಳು ಫೈಲಿನ ಮೇಲಿನ ಹೆಸರು ನೋಡಿ ಕನ್ನಡಕ್ಕೆ ಇಳಿದಳು; ಮೂವರಿಗೂ ಉಸಿರು ಬಂದಂತಾಯಿತು. ಸ್ಕ್ಯಾನ್ ತೋರಿಸಿ ವಿವರಿಸಿದಳು. ಕತ್ತಿನ ಎಡಗಡೆ ಮೆದುಳಿಗೆ ರಕ್ತ ಒಯ್ಯುವ ನಾಳ ಕೊಬ್ಬು ಕಟ್ಟಿ ದಾರದಷ್ಟು ಸಣ್ಣಗಾಗಿತ್ತು. ಬಲಗೈಯನ್ನೂ ಮಾತನ್ನೂ ನಡೆಸುವುದು ಮೆದುಳಿನ ಎಡಭಾಗ. ಬಲಗಡೆಯ ನಾಳ ತನ್ನ ರಕ್ತದಲ್ಲೇ ಸ್ವಲ್ಪ ಆಚೆ ದಾಟಿಸಿ ಇಷ್ಟು ದಿನ ಹೇಗೋ ಸಂಭಾಳಿಸಿತ್ತು. ಆದರೆ ಕೊಬ್ಬಿನ ಚೂರು ಮೇಲೆ ಹೋಗಿ ದಾರಿ ಕಟ್ಟಿದಾಗ ಕೈ ಸೋಲುತ್ತಿತ್ತು. ಮುಂದಿನ ಸಲ ಮರಳದೇ ಹೋಗಬಹುದು; ಅಲ್ಲಿ ಸ್ಟೆಂಟ್ ಎಂಬ ಸಣ್ಣ ಲೋಹದ ಕೊಳವೆ ಕೂರಿಸಿ ನಾಳ ತೆರೆದಿಡಬೇಕು ಎಂದಳು.

ಹಣೆಯ ಪಕ್ಕ ಒಂದು ಯಂತ್ರ ಒತ್ತಿ ಒಳಗಿನ ರಕ್ತದ ಸದ್ದು ಕೇಳಿಸಿದಳು. ಬಲಗಡೆ ಕುದುರೆ ಓಡಿದ ಹಾಗೆ, ಎಡಗಡೆ ಯಾರೋ ಗೋಡೆಯಾಚೆ ಪಿಸುಗುಟ್ಟಿದ ಹಾಗೆ.

“ಸ್ಟೆಂಟ್ ಹಾಕಿದ್ರ ಕೈ ಉಳೀತದೇನ್ರಿ?” ರಾಮಲಿಂಗಪ್ಪ ಕೇಳಿದ್ದು ಅದೊಂದೇ.

“ಉಳಿಸೋಕೇ ಹಾಕ್ತಿರೋದು ಅಂಕಲ್. ಹಾಕುವಾಗಲೂ ಚೂರು ಹಾರೋ ರಿಸ್ಕ್ ಸ್ವಲ್ಪ ಇದೆ. ಹಿಡಿಯೋಕೆ ಜಾಲರಿ ಇಡ್ತೀವಿ. ಗ್ಯಾರಂಟಿ ಅಂತ ಮಾತ್ರ ಹೇಳಲ್ಲ.”

ಗ್ಯಾರಂಟಿ ಇಲ್ಲವೆಂದದ್ದಕ್ಕೇ ಅವನಿಗೆ ಅವಳ ಮೇಲೆ ನಂಬಿಕೆ ಬಂತು.

ಅವನನ್ನು ಎಚ್ಚರವಾಗಿಯೇ ಮಲಗಿಸಿದರು. ತೊಡೆಯ ಬಳಿ ಕೊಳವೆ ತೂರಿಸಿದರು. ಬಲಗೈಯಲ್ಲಿ ಒಂದು ರಬ್ಬರ್ ಬಾತುಕೋಳಿ ಇಟ್ಟರು, ಒತ್ತಿದರೆ ಪೀಂ ಎನ್ನುವಂಥದ್ದು. ಹೇಳಿದಾಗಲೆಲ್ಲ ಒತ್ತಬೇಕು, ಅದು ಕೂಗುತ್ತಿರುವವರೆಗೆ ಕೈ ನಡೆಸುವ ಮೆದುಳಿಗೆ ರಕ್ತ ಮುಟ್ಟುತ್ತಿದೆ ಎಂದರ್ಥ. ಕತ್ತಿನೊಳಗೆ ನಾಳ ಅಗಲಿಸುವ ಬಲೂನು ಉಬ್ಬಿದಾಗ ನಾಡಿ ತಗ್ಗಿತು, ಮೈ ಬೆವರಿತು, ದೀಪಗಳು ದೂರ ಸರಿದವು. ‘ಒತ್ತಿ’ ಎಂಬ ದನಿ ಎಲ್ಲಿಂದಲೋ ಬಂತು. ಬೆರಳು ಎಲ್ಲಿವೆಯೆಂದು ಅವನು ಹುಡುಕಬೇಕಾಯಿತು. ‘ಒತ್ತಿ ಅಂಕಲ್.’ ಜಾರುವ ಬಟ್ಟೆಯನ್ನು ಹಿಡಿಯುವಂತೆ ಬಿಗಿಹಿಡಿದ.

ಪೀಂ.

ಸಂಜೆ ಮತ್ತೆ ಯಂತ್ರ ಒತ್ತಿದಾಗ ಎಡಗಡೆಯೂ ಕುದುರೆ ಓಡುತ್ತಿತ್ತು. ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರ್ ಮಾತ್ರ ಎಚ್ಚರಿಸಿದಳು. ಕಡಿಮೆ ರಕ್ತಕ್ಕೆ ಒಗ್ಗಿಹೋಗಿದ್ದ ಮೆದುಳಿಗೆ ಈಗ ಒಮ್ಮೆಲೇ ತುಂಬಿ ಬರುತ್ತಿದೆ. ಬಿಪಿ ಏರಿದರೆ ತಡೆದುಕೊಳ್ಳುವುದು ಕಷ್ಟ. ತಲೆನೋವು ಬಂದರೆ ಮುಚ್ಚಿಡಬಾರದು.

“ಮುಚ್ಚಿಡೂದ್ರಾಗ ಇವರು ಭಾಳ ಶಾಣ್ಯಾ ಅದಾರ್ರಿ,” ಎಂದಳು ಗೌರಾಬಾಯಿ.

ಮರುದಿನ ಮಧ್ಯಾಹ್ನ ಎಡಗಣ್ಣಿನ ಹಿಂದೆ ಸಣ್ಣಗೆ ನೋವು ಎದ್ದಿತು. ಅಭ್ಯಾಸಬಲದಿಂದ ಗೋಡೆಯ ಕಡೆ ಹೊರಳಿದ. ಮತ್ತೆ ಈಚೆ ತಿರುಗಿ ನರ್ಸನ್ನು ಕರೆದ. ಔಷಧ ಹೆಚ್ಚಿಸಿದರು, ಹೊತ್ತು ಮುಳುಗುವಷ್ಟರಲ್ಲಿ ನೋವು ಇಳಿಯಿತು.

ನಾಲ್ಕನೆಯ ದಿನ ಬಿಡುಗಡೆ. ಕಾಗದಪತ್ರ ಬರುವುದು ತಡವಾಯಿತು. ಮನೆಯಿಂದ ಎಂಟು ಮೀಟರ್ ಬಟ್ಟೆ ತರಿಸಿಕೊಂಡಿದ್ದ ಅವನು ಹೆಂಡತಿಗೆ ಸ್ಟೂಲಿನ ಮೇಲೆ ಕೂರಲು ಹೇಳಿದ. ನಲವತ್ತು ವರ್ಷದಲ್ಲಿ ಆ ತಲೆಗೊಂದು ಸಲವೂ ಕಟ್ಟಿರಲಿಲ್ಲ. ಮಂದಿ ನೋಡಿದರೆ ಏನಂದಾರು ಎಂದು ಗೊಣಗುತ್ತಲೇ ಗೌರಾಬಾಯಿ ಕೂತಳು.

ಒಂದು ಸುತ್ತು, ಎರಡು. ಮೂರನೆಯದರಲ್ಲಿ ಹೆಬ್ಬೆರಳು ಸ್ವಲ್ಪ ನಡುಗಿ ಮಡಿಕೆ ಸಡಿಲಾಯಿತು. ಕೈ ನಿಲ್ಲಿಸಿ ಅದನ್ನೇ ನೋಡಿದ. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಸುತ್ತತೊಡಗಿದ. ಈ ಸಲ ಮೂರನೆಯದು ಕೂತಿತು, ನಾಲ್ಕನೆಯದೂ.

“ಭಾಳ ಬಿಗಿ ಆತೇನು?”

“ಇಲ್ರಿ,” ಎಂದಳು ಅವಳು ಕತ್ತು ಅಲುಗಿಸದೆ. “ಮುಂದ ಕಟ್ರಿ.”