ಸವರಿಮುತ್ತು ಅರ ಹಾಕಿದ ರಿವಾಲ್ವರು

ಪಲ್ಟನ್ನಿನ ಕೆಲಸ ಬಿಟ್ಟಮೇಲೆ ಸವರಿಮುತ್ತು ಲಷ್ಕರ್ ಮೊಹಲ್ಲಾದಲ್ಲಿ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಆದರೆ ಅವನಿಗೆ ಹೆಸರು ತಂದದ್ದು ಬೀಗವಲ್ಲ, ಬಂದೂಕು. ಊರಿನ ದೊಡ್ಡ ಮನೆಗಳವರು ಕೋವಿ, ರಿವಾಲ್ವರುಗಳನ್ನು ಅವನ ಕೈಯಲ್ಲೇ ತೊಳೆಸುತ್ತಿದ್ದರು. ಗಜವೆಂಬ ಕಬ್ಬಿಣದ ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಎಳೆದು, ಸೀಮೆಎಣ್ಣೆಯಲ್ಲಿ ಮಸಿ ಬಿಡಿಸಿ, ಕೊನೆಗೆ ತೆಳ್ಳಗೆ ಎಣ್ಣೆ ಸವರಿದನೆಂದರೆ ಮಳೆಗಾಲ ಕಳೆದರೂ ತುಕ್ಕು ಹತ್ತಿರ ಸುಳಿಯುತ್ತಿರಲಿಲ್ಲ.

ಅರಣ್ಯ ಇಲಾಖೆಯಲ್ಲಿ ರೇಂಜರಾಗಿದ್ದು ನಿವೃತ್ತರಾದ ಷಡಕ್ಷರಿಯವರ ರಿವಾಲ್ವರು ವರ್ಷಕ್ಕೊಮ್ಮೆ, ದಸರೆಯ ಮುಂಚೆ, ಅವನ ಕೈಗೆ ಬರುತ್ತಿತ್ತು. ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಇನ್‌ಫ್ಲುಯೆಂಜಾ ಜ್ವರ ಅವರ ಹೆಂಡತಿಯನ್ನೂ ಬೆಳೆದ ಮಗನನ್ನೂ ಒಂದೇ ವಾರದಲ್ಲಿ ಕೊಂಡೊಯ್ದಿತು. ಆಮೇಲೆ ಅವರಿಂದ ಮೇಲಿಂದ ಮೇಲೆ ಕರೆ ಬರತೊಡಗಿತು. ನಳಿಗೆಯಲ್ಲಿ ಮಸಿಯ ಸುಳಿವೂ ಇರುತ್ತಿರಲಿಲ್ಲ. ಆದರೂ ಬಿಚ್ಚಿ ಒರೆಸು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ತಮ್ಮ ಮನೆಯಲ್ಲಿ ಅವನ ಎದುರಿಗೇ ಕುಳಿತು ಕೇಳಿದರು: “ಒಂದೇ ಏಟಿಗೆ ಆಗುತ್ತೆ ತಾನೆ? ಕೈ ಕೊಡೋದಿಲ್ವಲ್ಲ?”

“ಯಾವ ಪ್ರಾಣಿಗೆ, ಬುದ್ಧಿ?” ಎಂದ ಸವರಿಮುತ್ತು.

ಅವರು ಕಿಟಕಿಯ ಕಡೆ ತಿರುಗಿದರು. ಆ ಏಟು ಯಾರಿಗೆಂದು ಸವರಿಮುತ್ತುವಿಗೆ ಹೊಳೆಯಿತು. ರಿವಾಲ್ವರನ್ನು ಅಂಗಡಿಗೆ ತೆಗೆದುಕೊಂಡು ಹೊರಡುವಾಗ, ಮನೆ ನೋಡಿಕೊಳ್ಳುತ್ತಿದ್ದ ಅವರ ತಂಗಿ ನೀಲಮ್ಮ ಜಗಲಿಯಲ್ಲಿ ಅಡ್ಡ ಬಂದು, “ಅದನ್ನ ತಿರುಗಿ ತರಬೇಡಪ್ಪ,” ಎಂದರು. ಕಣ್ಣು ತುಂಬಿತ್ತು.

“ತರದಿದ್ರೆ ಬೇರೆ ತಗೋತಾರೆ ಕಣಮ್ಮ,” ಎಂದ ಅವನು.

ಅಂಗಡಿಯಲ್ಲಿ ರಿವಾಲ್ವರನ್ನು ಬಿಚ್ಚಿ ಹಲಗೆಯ ಮೇಲೆ ಹರಡಿದ. ಗುಂಡಿನ ಬೆನ್ನಿಗೆ ಬಡಿಯುವ ಕುದುರೆ ಎಂಬ ಸುತ್ತಿಗೆಯ ಮೊನೆಗೆ ಅರ ಹಾಕಿದ. ಕೆಲಸ ಕಲಿತಾಗಿನಿಂದ ಒಂದು ಆಯುಧವನ್ನೂ ಕೆಡಿಸಿರದ ಕೈ ಅದು. ತನ್ನದೇ ಹಲ್ಲಿಗೆ ಅರ ಹಾಕಿದಂತೆ ಮೈ ಜುಮ್ಮೆಂದಿತು. ಮೊನೆ ಗುಂಡಿಗೆ ಮುಟ್ಟದಷ್ಟು ಸವೆದಮೇಲೆ, ಎಲ್ಲವನ್ನೂ ಜೋಡಿಸಿ ಹೊಳೆಯುವಂತೆ ಒರೆಸಿ ಒಪ್ಪಿಸಿ ಬಂದ.

ಕೆಲವೇ ದಿನಕ್ಕೆ ಷಡಕ್ಷರಿಯವರು ತಾವೇ ಅಂಗಡಿಗೆ ಬಂದರು. ಗಡ್ಡ ಬೆಳೆದಿತ್ತು, ಕಾಲಲ್ಲಿ ಜೋಡು ಇರಲಿಲ್ಲ. ರಿವಾಲ್ವರನ್ನು ಹಲಗೆಯ ಮೇಲಿಟ್ಟು, “ಗುಂಡು ಹಾರಲಿಲ್ಲ ಕಣೋ,” ಎಂದರು.

ಸವರಿಮುತ್ತು ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟು ಎದ್ದು ನಿಂತ.

“ನೀಲ ಹೇಳಿಕೊಟ್ಟಳಾ?”

“ಇಲ್ಲ ಬುದ್ಧಿ. ನಾನೇ ಮಾಡಿದೆ.”

“ನಿನ್ನನ್ನ ನಂಬಿದ್ದೆನಲ್ಲೋ!” ಅವರ ತುಟಿ ಅದುರಿತು. “ಇನ್ನು ನನ್ನ ಹೊಸಲು ತುಳಿಯಬೇಡ.”

ರಿವಾಲ್ವರನ್ನು ಅಲ್ಲೇ ಬಿಟ್ಟು ಹೋದರು. ಬೇರೊಂದನ್ನು ಕೊಳ್ಳಲಿಲ್ಲ. ಆದರೆ ಕ್ಲಬ್ಬಿನಲ್ಲಿ ಯಾರೋ ಕೇಳಿದಾಗ, ಸವರಿಮುತ್ತು ಒಳ್ಳೆಯ ಆಯುಧವನ್ನು ಹಾಳು ಮಾಡಿದ ಎಂದುಬಿಟ್ಟರು. ಮಾತು ಊರು ಸುತ್ತಿತು. ಮುಂದಿನ ದಸರೆಗೆ ಒಂದು ಕೋವಿಯೂ ಅಂಗಡಿಗೆ ಬರಲಿಲ್ಲ.

“ಇದ್ದದ್ದನ್ನ ಇದ್ದಂಗೆ ಹೇಳ್ಬುಡಿ ಅಂದ್ರೆ ಕೇಳಾಕಿಲ್ಲ ನೀವು,” ಎಂದು ಹೆಂಡತಿ ಆರೋಗ್ಯಮೇರಿ ಅತ್ತಳು.

“ಹೇಳಿದ್ರೆ ಅವರು ಊರಿಗೆ ಎಂಗೆ ಮುಖ ತೋರಿಸ್ತಾರೆ?” ಎಂದ. ಮತ್ತೆ ಆ ಮಾತು ಎತ್ತಲು ಬಿಡಲಿಲ್ಲ. ಬೀಗಗಳ ಜೊತೆಗೆ ಕೊಡೆ, ಟ್ರಂಕು, ಒಲೆಯ ಕೆಲಸವನ್ನೂ ಹಿಡಿದ. ಒಮ್ಮೊಮ್ಮೆ ಬನ್ನಿಮಂಟಪದ ಕಡೆಯಿಂದ ಕವಾಯತಿನ ಕೋವಿಗಳ ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದು ಒಳಗೆ ಹೋಗುತ್ತಿದ್ದ.

ಷಡಕ್ಷರಿಯವರು ಇನ್ನೂ ಆರು ವರ್ಷ ಬದುಕಿದರು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಒಂದು ಚಳಿಗಾಲ ಎದೆನೋವು ಬಂದು ತೀರಿಕೊಂಡರು. ಸುದ್ದಿ ತಿಳಿದು ಸವರಿಮುತ್ತು ಹೋದ. ಒಳಗೆ ಹೋಗಲಿಲ್ಲ, ಬೀದಿಯ ಆಚೆ ಬದಿಯಲ್ಲಿ ರುಮಾಲು ತೆಗೆದು ನಿಂತ. ಹೆಣ ಹೊರಟಮೇಲೆ ನೀಲಮ್ಮ ಬಾಗಿಲಿನಿಂದ ಅವನನ್ನು ಕಂಡು ಗೇಟಿನವರೆಗೂ ಬಂದರು.

“ಅಣ್ಣಯ್ಯ ಆಮೇಲೆ ಒಂದು ದಿನವೂ ನಗಲಿಲ್ಲ ಕಣಪ್ಪ,” ಎಂದರು. “ನೀನು ಮಾಡಿದ್ದು ಸರಿಯೋ ತಪ್ಪೋ ನಂಗೆ ಗೊತ್ತಿಲ್ಲ. ನಂಗೆ ಮಾತ್ರ ಆರು ವರ್ಷ ಅಣ್ಣ ಇದ್ರು.”

ಸವರಿಮುತ್ತು ಕೈಮುಗಿದು, ರುಮಾಲನ್ನು ಕಂಕುಳಲ್ಲೇ ಇಟ್ಟುಕೊಂಡು ಮನೆಯ ದಾರಿ ಹಿಡಿದ.